ಥಂಡಾ ಸಿಲಿಂಡರ್

ಭೋಗಿ ಹಬ್ಬದ ಬೆಳಿಗ್ಗೆ ಆರೂವರೆಗೆ ಬರ್ನರ್ ಹೊತ್ತಿಸಿದೆ. ಬೀದರಿನ ಜನವರಿ ಚಳಿ ಉಂಡವರಿಗೇ ಗೊತ್ತು. ಊರು ಎತ್ತರದ ಮೇಲಿದೆ, ಬೆಳಗಿನ ಗಾಳಿ ಕಿವಿ ಕೊಯ್ಯುತ್ತದೆ. ಹಿತ್ತಲ ಕೋಣೆಯ ಫರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವ ಹಾಗಿರಲಿಲ್ಲ. ಒಳಗೆ ಹೆಂಡತಿ ಸಜ್ಜೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಎಳ್ಳು ಹುರಿದ ವಾಸನೆ ಕೋಣೆಯವರೆಗೂ ಬಂದಿತ್ತು. ನನ್ನ ಎದುರು ಮೇಜಿನ ಮೇಲೆ ಹದಿನಾಲ್ಕು ತಿಂಗಳ ಕೆಲಸ ನಿಂತಿತ್ತು. ಮೊಳದುದ್ದವೂ ಇಲ್ಲದ ಬೀಮ್ ಎಂಜಿನ್ ಅದು. ಆವತ್ತು ಅದಕ್ಕೆ ಮೊದಲ ಸಲ ಹಬೆ ಕೊಡುವವನಿದ್ದೆ.

ಏತ ನೋಡಿದವರಿಗೆ ಬೀಮ್ ಎಂಜಿನ್ ಬೇಗ ತಿಳಿಯುತ್ತದೆ. ನಡುವೆ ಕಂಬ, ಕಂಬದ ತಲೆಯ ಮೇಲೆ ತೂಗಾಡುವ ತೊಲೆ. ತೊಲೆಯ ಒಂದು ತುದಿಯನ್ನು ಸಿಲಿಂಡರಿನೊಳಗಿನ ಪಿಸ್ಟನ್ ಎತ್ತಿ ಇಳಿಸುತ್ತದೆ, ಇನ್ನೊಂದು ತುದಿ ಕ್ರ್ಯಾಂಕನ್ನೂ ಗಾಲಿಯನ್ನೂ ತಿರುಗಿಸುತ್ತದೆ. 1712ರಲ್ಲಿ ಥಾಮಸ್ ನ್ಯೂಕಮನ್ ಇಂಗ್ಲೆಂಡಿನ ಡಡ್ಲಿಯ ಹತ್ತಿರ ಕಲ್ಲಿದ್ದಲ ಗಣಿಯ ನೀರೆತ್ತಲು ನಿಲ್ಲಿಸಿದ್ದು ಇದೇ ಜಾತಿಯ ಎಂಜಿನ್. ಅದಕ್ಕೆ ಗಾಲಿ ಇರಲಿಲ್ಲ, ತೊಲೆಯ ಆಚೆ ತುದಿಯಲ್ಲಿ ಪಂಪಿನ ರಾಡು ತೂಗುತ್ತಿತ್ತು. ನೀರಿಗಾಗಿ ಹುಟ್ಟಿದ ಯಂತ್ರವಾದ್ದರಿಂದಲೇ ನನಗೆ ಇದರ ಮೇಲೆ ಮನಸ್ಸು ಹೋಯಿತು. ನಮ್ಮ ಅಜ್ಜನ ಹೊಲದ ಬಾವಿಯಲ್ಲಿ ಜೋಡಿ ಎತ್ತು ಇಳಿಜಾರಿನಲ್ಲಿ ಮುಂದೆ ಹೋಗಿ ಹಿಂದೆ ಬಂದು ಮೊಟ್ಟೆಯಲ್ಲಿ, ಅಂದರೆ ತೊಗಲಿನ ಚೀಲದಲ್ಲಿ, ನೀರೆಳೆಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಇಲ್ಲೇ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ನೆಲದೊಳಗೆ ಕಾಲುವೆ ಕೊರೆದು, ಯಾವ ಯಂತ್ರವೂ ಇಲ್ಲದೆ, ಬರೀ ಇಳಿಜಾರಿನ ಬಲದಿಂದ ನೀರನ್ನು ಹರಿಸಿದರು. ಅದರ ಬಾಯಲ್ಲಿ ಬಗ್ಗಿ ನೋಡಿದಾಗಲೆಲ್ಲ ಆ ಜನರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಹಿತ್ತಲ ಕೋಣೆಯಲ್ಲಿ ಒಂದು ಹಳೆಯ ಸಣ್ಣ ಲೇತ್, ಒಂದು ಡ್ರಿಲ್, ವೈಸ್, ಹತ್ತಿಪ್ಪತ್ತು ಕಾನಸುಗಳಿವೆ. ಸಿಲಿಂಡರ್ ತಾಮ್ರಕ್ಕೆ ತವರ ಬೆರೆಸಿದ ಗನ್‌ಮೆಟಲ್‌ನದು, ಒಳವ್ಯಾಸ 25 ಮಿಲಿಮೀಟರ್, ಪಿಸ್ಟನ್ನಿನ ಓಟ 50 ಮಿಲಿಮೀಟರ್. ಬಾಯ್ಲರ್ ತಾಮ್ರದ್ದು, ಬೆಳ್ಳಿ ಬೆಸುಗೆ ಹಾಕಿದ್ದು, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಸೇಫ್ಟಿ ವಾಲ್ವ್ ಚದರ ಸೆಂಟಿಮೀಟರಿಗೆ 2 ಕೆಜಿ ಒತ್ತಡಕ್ಕೆ ಬಿಚ್ಚಿಕೊಳ್ಳುತ್ತದೆ. ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ, ಕೈಪಂಪಿನಿಂದ 4 ಕೆಜಿವರೆಗೆ ಒತ್ತಿ, ಅರ್ಧ ತಾಸು ಮುಳ್ಳು ಕದಲದೆ ನಿಂತ ಮೇಲೆಯೇ ಒಲೆಯ ಮೇಲಿಟ್ಟದ್ದು. ಈ ಪರೀಕ್ಷೆಯನ್ನು ಎಂದೂ ಗಾಳಿಯಿಂದ ಮಾಡಬಾರದು. ನೀರು ಒತ್ತಿದರೆ ಕುಗ್ಗುವುದಿಲ್ಲ, ಬೆಸುಗೆ ಬಿಟ್ಟರೂ ಒಂದು ಹನಿ ಜಿನುಗಿ ಒತ್ತಡ ಇಳಿಯುತ್ತದೆ. ಗಾಳಿ ತುಂಬಿದ ಪಾತ್ರೆ ಒಡೆದರೆ ಬಾಂಬು.

ಗಾಲಿಯ ಕತೆಯನ್ನು ಸ್ವಲ್ಪ ನಿಂತು ಹೇಳಬೇಕು. ಬೀಡಿನ, ಅಂದರೆ ಎರಕದ ಕಬ್ಬಿಣದ, ಗಾಲಿ ಹೊಯ್ಸಲು ಎಲ್ಲಿ ಕೇಳಿದರೂ ಒಂದೇ ಒಂದು ಸಣ್ಣ ಗಾಲಿಗೆ ಯಾರೂ ಒಪ್ಪಲಿಲ್ಲ. ಆಗ ಹೊಳೆದದ್ದು ನಮ್ಮೂರಿನದೇ ಲೋಹ. ಬಿದ್ರಿ ಸಾಮಾನಿನ ಮೈಯೆಲ್ಲ ಸತುವೇ, ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತುವಿನ ಸಾಂದ್ರತೆ 7.1, ಬೀಡಿನದು ಸುಮಾರು 7.2. ಗಾಲಿಗೆ ಬೇಕಾದದ್ದು ಭಾರ, ಭಾರದಲ್ಲಿ ಎರಡೂ ಒಂದೇ. ಬಿಸಿ ತಾಗುವ ಸಿಲಿಂಡರಿಗೆ ಸತು ಆಗದು, ಬಿಸಿಯಲ್ಲಿ ಒತ್ತಡ ಬಿದ್ದರೆ ಮೆಲ್ಲಗೆ ಬಾಗುತ್ತದೆ. ಗಾಲಿಗೆ ಆ ಚಿಂತೆ ಇಲ್ಲ.

ಸಾಗುವಾನಿಯಲ್ಲಿ ಅಚ್ಚು ಕೆತ್ತಿಕೊಂಡು ಚೌಬಾರಾದ ಹತ್ತಿರದ ಗಲ್ಲಿಯಲ್ಲಿರುವ ಒಬ್ಬ ಬಿದ್ರಿ ಕೆಲಸಗಾರರ ಕಾರಖಾನೆಗೆ ಹೋದೆ. ಎಪ್ಪತ್ತು ದಾಟಿದವರು, ನಾನು ಚಾಚಾ ಅಂತಲೇ ಕರೆಯುವುದು. ಸುರಾಹಿ, ಹೂದಾನಿ, ಹುಕ್ಕಾದ ಬುಡ ಹೊಯ್ದ ಕೈ. ಅಚ್ಚನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಸ್ತರ್, ಇದರ ಕಡ್ಡಿ ಸೀದಾ ಅವ. ಜಸ್ತ ಆರೋವಾಗ ಸೆಳೀತದ, ಕಡ್ಡಿ ತುಂಡಾಗ್ತದ ನೋಡ್ರಿ" ಅಂದರು. ಜಸ್ತ ಅಂದರೆ ಸತು. ನಾನು ಕೇಳಲಿಲ್ಲ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಸಾಂಚಾದಲ್ಲಿ ಹೊಯ್ದರು. ಬಿಚ್ಚಿ ನೋಡಿದರೆ ಆರು ಕಡ್ಡಿಗಳಲ್ಲಿ ಎರಡು ನಡುಮಧ್ಯ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದವು. ತೆಳ್ಳಗಿನ ಕಡ್ಡಿ ಮೊದಲು ಆರಿ ಕುಗ್ಗುತ್ತದೆ, ದಪ್ಪ ಸುತ್ತು ಆಗಿನ್ನೂ ಬಿಸಿಯಾಗಿ ಕುಗ್ಗದೆ ನಿಂತಿರುತ್ತದೆ, ನಡುವೆ ಸಿಕ್ಕ ಕಡ್ಡಿಗೆ ದಾರಿಯಿಲ್ಲ. ಎರಡನೆಯ ಅಚ್ಚಿನಲ್ಲಿ ಕಡ್ಡಿಗಳನ್ನು ಕುಡುಗೋಲಿನ ಹಾಗೆ ಬಾಗಿಸಿದೆ. ಬಾಗಿದ ಕಡ್ಡಿ ಸೆಳೆತಕ್ಕೆ ಒಂದಿಷ್ಟು ಮಣಿದುಕೊಡುತ್ತದೆ. ಗಾಲಿ ಇಡಿಯಾಗಿ ಬಂತು, 160 ಮಿಲಿಮೀಟರ್ ಅಗಲ, 800 ಗ್ರಾಂ ಮೇಲೆ ತೂಕ.

ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ತೊಲೆಯ ತುದಿಯ ಸಣ್ಣ ಕೊಂಡಿಗಳು. ತೊಲೆ ನಡುವಿನಿಂದ ತುದಿಗೆ 110 ಮಿಲಿಮೀಟರ್ ಇದೆ. ತುದಿ ಏರಿಳಿಯುವುದು ಕಮಾನಿನಂತೆ, 50 ಮಿಲಿಮೀಟರ್ ಓಟದಲ್ಲಿ ಅದು ಸುಮಾರು 3 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಪಿಸ್ಟನ್ ರಾಡು ಮಾತ್ರ ನೂಲು ಹಿಡಿದಂತೆ ನೇರ ಹೋಗಬೇಕು. ನ್ಯೂಕಮನ್ನನಿಗೆ ಈ ತೊಂದರೆ ಇರಲಿಲ್ಲ, ಅವನ ಪಿಸ್ಟನ್ ಎಳೆಯುತ್ತಿತ್ತು ಅಷ್ಟೆ, ಸರಪಳಿ ಸಾಕಾಗಿತ್ತು. ಜೇಮ್ಸ್ ವಾಟ್ ಪಿಸ್ಟನ್ನಿನ ಎರಡೂ ಬದಿಗೆ ಹಬೆ ಕೊಟ್ಟಾಗ ಅದು ಎಳೆಯುವುದರ ಜೊತೆ ನೂಕತೊಡಗಿತು. ಸರಪಳಿಯಿಂದ ನೂಕಲಾಗುತ್ತದೆಯೇ? 1784ರಲ್ಲಿ ಅವನು ಕೊಂಡಿಗಳ ಒಂದು ಜೋಡಣೆ ಮಾಡಿದ, ಪ್ಯಾರಲಲ್ ಮೋಷನ್. ಕೊಂಡಿಗಳು ಒಂದರ ಓರೆಯನ್ನು ಇನ್ನೊಂದು ತಿದ್ದುತ್ತ ರಾಡನ್ನು ಹೆಚ್ಚುಕಡಿಮೆ ನೇರ ಒಯ್ಯುತ್ತವೆ. ತಾನು ಮಾಡಿದ್ದರಲ್ಲೆಲ್ಲ ಇದರ ಬಗ್ಗೆಯೇ ತನಗೆ ಹೆಚ್ಚು ಹೆಮ್ಮೆ ಎಂದು ವಾಟ್ ಮುಪ್ಪಿನಲ್ಲಿ ಮಗನಿಗೆ ಬರೆದ. ನನ್ನ ಮೊದಲ ಜೋಡಿ ಕೊಂಡಿಗಳ ತೂತು ಅರ್ಧ ಮಿಲಿಮೀಟರ್ ಆಚೀಚೆಯಾಗಿ ಎಂಜಿನ್ ಪ್ರತಿ ಸುತ್ತಿಗೂ ಒಂದು ಕಡೆ ಹಿಡಿಯುತ್ತಿತ್ತು. ಎರಡೆರಡು ಕೊಂಡಿಗಳನ್ನು ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ತೂತು ಹಾಕಿದ ಮೇಲೆ ಸರಿಹೋಯಿತು. ತೊಲೆ ಏರುವಾಗ ಆ ಕೊಂಡಿಗಳು ತೆರೆದು ಮುಚ್ಚುವುದನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡುತ್ತ ಕೂರಬಲ್ಲೆ.

ಹಬ್ಬದ ಹಿಂದಿನ ವಾರ ಎಂಜಿನ್ನನ್ನು ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರಿನ ಗಾಳಿಯಲ್ಲಿ ಓಡಿಸಿದ್ದೆ. ಬೆಣ್ಣೆಯ ಹಾಗೆ ಓಡಿತ್ತು. ಹೀಗಾಗಿ ಆ ಬೆಳಿಗ್ಗೆ ನನಗೆ ಯಾವ ಅಳುಕೂ ಇರಲಿಲ್ಲ. ಏಳು ಗಂಟೆಗೆ ಮುಳ್ಳು ಒಂದು ಕೆಜಿ ತೋರಿಸಿತು. ಮಗಳನ್ನು ಕರೆದೆ. ವಾಲ್ವ್ ಬಿಚ್ಚಿದೆ.

ತೊಲೆ ಒಂದು ಸಲ ಎದ್ದಿತು, ಅರ್ಧ ಇಳಿಯಿತು, ನಿಂತಿತು. ಪಿಸ್ಟನ್ ರಾಡು ಹೊರಬರುವ ತೂತಿನ ಬಿಗಿಮುಚ್ಚಳದಿಂದ, ಅಂದರೆ ಗ್ಲ್ಯಾಂಡಿನಿಂದ, ಬಿಸಿನೀರು ಚಿಮ್ಮಿ ನನ್ನ ಮಣಿಕಟ್ಟಿಗೆ ಬಿತ್ತು. ಗಾಲಿಯನ್ನು ಕೈಯಿಂದ ತಿರುಗಿಸಿದರೆ ಮುಕ್ಕಾಲು ದಾರಿಗೆ ಹೋಗಿ ಕಲ್ಲಿಗೆ ಬಡಿದಂತೆ ನಿಲ್ಲುತ್ತಿತ್ತು. "ಅಪ್ಪಾ, ಜೋರ್ ಮಾಡಬ್ಯಾಡ, ಏನರ ಮುರೀತದ" ಅಂದಳು ಮಗಳು. ಅವಳು ಹೇಳಿದ್ದು ಸರಿ. ಇನ್ನಷ್ಟು ಒತ್ತಿದ್ದರೆ ರಾಡು ಬಾಗುತ್ತಿತ್ತು. ಹಬೆ ಮುಚ್ಚಿದೆ.

ಆಮೇಲಿನ ಎರಡು ತಾಸು ನಾನು ತಪ್ಪು ಜಾಗ ಹುಡುಕುತ್ತ ಕಳೆದೆ. ಹಿಂದೆ ನೋವು ಕೊಟ್ಟಿದ್ದ ಕೊಂಡಿಗಳ ಮೇಲೆಯೇ ಅನುಮಾನ ಹೋಯಿತು. ಎಲ್ಲ ಪಿನ್ನು ಬಿಚ್ಚಿ, ತೂತು ಅಳೆದು, ಎಣ್ಣೆ ಬಿಟ್ಟು ಮತ್ತೆ ಕೂಡಿಸಿದೆ. ಏನೂ ತಪ್ಪಿರಲಿಲ್ಲ. ಕೈಯಲ್ಲಿ ತಿರುಗಿಸಿದರೆ ಈಗ ಸಲೀಸು. ಮತ್ತೆ ಹಬೆ ಬಿಟ್ಟರೆ ಒಂದೂವರೆ ಸುತ್ತು, ಮತ್ತೆ ಅದೇ ಕಲ್ಲು. ರೊಟ್ಟಿ ಭಜ್ಜಿ ತಣ್ಣಗಾಗುತ್ತಿದೆ ಎಂದು ಒಳಗಿನಿಂದ ಎರಡು ಸಲ ಕೂಗು ಬಂತು.

ಹತ್ತು ಗಂಟೆಗೆ ಚಾಚಾ ಬಂದರು. ತಮ್ಮ ಗಾಲಿ ತಿರುಗುವುದನ್ನು ನೋಡಬೇಕೆಂದು ನಾನೇ ಕರೆದಿದ್ದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಎಂಜಿನ್ನಿನ ಸುತ್ತ ಒಂದು ಸಲ ಬಂದರು, ಆಮೇಲೆ ಸಿಲಿಂಡರಿನ ಮೇಲೆ ಅಂಗೈ ಇಟ್ಟರು.

"ಮಾಸ್ತರ್, ಇದು ಇನ್ನಾ ಥಂಡಾನೇ ಅದ."

ಹೌದು, ಬೆಚ್ಚಗಿತ್ತು ಅಷ್ಟೆ, ಸುಡುತ್ತಿರಲಿಲ್ಲ.

"ನಮ್ಮಲ್ಲಿ ಸಾಂಚಾ ಥಂಡಾ ಇತ್ತಂದ್ರ ರಸ ಅರ್ಧ ದಾರಿನಾಗೇ ಕಟ್ಟಿ ಬಿಡ್ತದರಿ. ಮೊದಲು ಕಾಯಿಸಿಕೋಬೇಕು, ಆಮ್ಯಾಲೆ ಹೊಯ್ಯಬೇಕು. ನಿಮ್ಮ ಹಬೆನೂ ಒಳಗ ಕಟ್ಟಲಿಕ್ಕತ್ತದೇನು ನೋಡ್ರಿ."

ನಾನು ಪೆನ್ಸಿಲ್ ತೆಗೆದುಕೊಂಡು ಮೇಜಿನ ಮೇಲೆಯೇ ಲೆಕ್ಕ ಹಾಕಿದೆ. ಸಿಲಿಂಡರ್, ಮುಚ್ಚಳಗಳು, ವಾಲ್ವಿನ ಪೆಟ್ಟಿಗೆ ಎಲ್ಲ ಸೇರಿ 600 ಗ್ರಾಂ ಲೋಹ. ಅದನ್ನು 15 ಡಿಗ್ರಿಯಿಂದ 110 ಡಿಗ್ರಿಗೆ ಏರಿಸಲು ಐದು ಸಾವಿರ ಕ್ಯಾಲರಿ ಶಾಖ ಬೇಕು. ಒಂದು ಗ್ರಾಂ ಹಬೆ ನೀರಾಗುವಾಗ ಬಿಟ್ಟುಕೊಡುವುದು 540 ಕ್ಯಾಲರಿ. ಅಂದರೆ ಲೋಹ ಕಾಯುವಷ್ಟರಲ್ಲಿ ಒಂಬತ್ತು ಹತ್ತು ಗ್ರಾಂ ಹಬೆ ನೀರಾಗಿಯೇ ತೀರಬೇಕು. ಸಿಲಿಂಡರಿನ ಹೊಟ್ಟೆಯಲ್ಲಿ ಇರುವುದೇ 25 ಮಿಲಿಲೀಟರ್ ಜಾಗ. ಆ ನೀರಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಪಿಸ್ಟನ್ ಅದಕ್ಕೆ ಬಡಿದು ನಿಲ್ಲದೆ ಏನು ಮಾಡೀತು? ಬಾಯ್ಲರಿನ ಪರೀಕ್ಷೆಯಲ್ಲಿ ನಾನು ನಂಬಿದ ಗುಣವೇ, ನೀರು ಕುಗ್ಗುವುದಿಲ್ಲ ಎನ್ನುವುದೇ, ಇಲ್ಲಿ ಎದುರು ನಿಂತಿತ್ತು. ಪಂಕ್ಚರ್ ಅಂಗಡಿಯ ಗಾಳಿ ಎಲ್ಲಿ ಹೋದರೂ ಗಾಳಿಯಾಗಿಯೇ ಉಳಿಯುತ್ತದೆ, ಹಾಗಾಗಿ ಅಲ್ಲಿ ಓಡಿತ್ತು.

ಇಪ್ಪತ್ತು ವರ್ಷದಿಂದ ಈ ಪಾಠವನ್ನೇ ಹೇಳುತ್ತಿದ್ದೇನೆ. ಜೇಮ್ಸ್ ವಾಟ್ ಅಂದರೆ ಮಕ್ಕಳು ಕೆಟಲಿನ ಮುಚ್ಚಳ ಕುಣಿದ ಕತೆ ಹೇಳುತ್ತಾರೆ. ನಿಜವಾಗಿ ನಡೆದದ್ದು ಒಂದು ರಿಪೇರಿ. 1763-64ರ ಚಳಿಗಾಲದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ನ್ಯೂಕಮನ್ ಎಂಜಿನ್ನಿನ ಮಾದರಿಯೊಂದು ವಾಟ್‌ನ ಕೈಗೆ ಬಂತು. ಅದರ ಸಿಲಿಂಡರ್ 2 ಅಂಗುಲ ಅಗಲ, ಓಟ 6 ಅಂಗುಲ. ಎಲ್ಲ ಸರಿ ಮಾಡಿದರೂ ನಾಲ್ಕಾರು ಹೊಡೆತಕ್ಕೆ ನಿಲ್ಲುತ್ತಿತ್ತು, ಬಾಯ್ಲರಿನ ಹಬೆ ಸಾಲುತ್ತಿರಲಿಲ್ಲ. ದೊಡ್ಡ ಎಂಜಿನ್ನಿನಲ್ಲಿ ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆ ಕಡಿಮೆ, ಸಣ್ಣದರಲ್ಲಿ ಗೋಡೆಯೇ ಹೆಚ್ಚು. ಪ್ರತಿ ಹೊಡೆತಕ್ಕೂ ತಣ್ಣೀರು ಚಿಮುಕಿಸಿ ಹಬೆಯನ್ನು ಸಿಲಿಂಡರಿನೊಳಗೇ ನೀರು ಮಾಡುತ್ತಿದ್ದರು, ಆಗ ಗೋಡೆ ತಣ್ಣಗಾಗಿ ಮುಂದಿನ ಹಬೆಯನ್ನು ಕುಡಿದುಬಿಡುತ್ತಿತ್ತು. ಸಿಲಿಂಡರನ್ನು ಯಾವಾಗಲೂ ಬಿಸಿಯಾಗಿಡಬೇಕು, ಹಬೆ ತಣಿಯಲು ಬೇರೆಯೇ ಪಾತ್ರೆ ಬೇಕು ಎಂಬುದು ಅವನಿಗೆ ಹೊಳೆದದ್ದು 1765ರಲ್ಲಿ. ಪೇಟೆಂಟ್ ಸಿಕ್ಕಿದ್ದು 1769ರ ಜನವರಿಯಲ್ಲಿ. ಇದನ್ನೆಲ್ಲ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಆದರೆ ಸಣ್ಣ ಸಿಲಿಂಡರ್ ಹಬೆ ಕುಡಿಯುವುದು ಅಂದರೆ ಏನೆಂದು ನನ್ನ ಅಂಗೈಗೆ ತಿಳಿದದ್ದು ಆವತ್ತು, ಚಾಚಾನ ಕೈಯ ಪಕ್ಕದಲ್ಲಿ ನನ್ನ ಕೈ ಇಟ್ಟಾಗ.

ಕೆಲಸ ಏನೆಂದು ಗೊತ್ತಾದ ಮೇಲೆ ಹೊತ್ತು ಹಿಡಿಯಲಿಲ್ಲ. ಜಾಗ ಇಲ್ಲವೆಂದು ನಕಾಶೆಯಲ್ಲೇ ಕೈಬಿಟ್ಟಿದ್ದ ನೀರು ಬಿಡುವ ತೂತುಗಳನ್ನು ಸಿಲಿಂಡರಿನ ಮೇಲೊಂದು ಕೆಳಗೊಂದು ಹಾಕಿ, ಹಿತ್ತಾಳೆಯ ಸಣ್ಣ ಸ್ಕ್ರೂ ಕೂಡಿಸಿದೆ. ಹಿಂದೆ ಮುಂದೆ ಸರಿದು ಸಿಲಿಂಡರಿಗೆ ಹಬೆ ಹಂಚುವ ಸ್ಲೈಡ್ ವಾಲ್ವಿನ ಬೆನ್ನಿನ ನಟ್ಟನ್ನು ನಾನು ತೀರಾ ಬಿಗಿ ಮಾಡಿದ್ದೆ. ಅದು ಸ್ವಲ್ಪ ಸಡಿಲ ಇರಬೇಕು, ಒಳಗೆ ನೀರು ಸಿಕ್ಕಿಬಿದ್ದರೆ ವಾಲ್ವ್ ತಾನೇ ಎದ್ದು ದಾರಿ ಬಿಡುತ್ತದೆ. ಅದನ್ನೂ ಕಾನಸಿನಿಂದ ಉಜ್ಜಿ ಸರಿ ಮಾಡಿದೆ. ಹೆಂಡತಿ ಹಳೆಯ ಕಂಬಳಿಯ ತುಂಡು ತಂದುಕೊಟ್ಟಳು. ಕುದಿಯುವ ನೀರನ್ನು ಸಿಲಿಂಡರಿನ ಮೇಲೆ ಹೊಯ್ದು ಕಾಯಿಸಿ, ಒರೆಸಿ, ಕಂಬಳಿ ಸುತ್ತಿ ತಂತಿ ಬಿಗಿದೆ. ಮೂರು ಜನರೂ ಚಾಚಾನೂ ಕೂತು ರೊಟ್ಟಿ ಉಂಡೆವು, ಅಷ್ಟರಲ್ಲಿ ಒತ್ತಡ ಮತ್ತೆ ಏರಿತು.

ಎರಡೂ ಸ್ಕ್ರೂ ಸಡಿಲ ಬಿಟ್ಟು ಹಬೆಯನ್ನು ಒಂದು ಎಳೆಯಷ್ಟು ಬಿಟ್ಟೆ. ಕೆಳಗಿನ ತೂತಿನಿಂದ ನೀರು ಉಗುಳಿತು, ಮೇಲಿನದರಿಂದಲೂ. ಗಾಲಿಯನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದೆ. ಉಗುಳು ತೆಳ್ಳಗಾಗಿ, ನೀರು ಹೋಗಿ ಬರೀ ಬಿಳಿ ಹಬೆ ಬಂತು. ಸ್ಕ್ರೂ ಬಿಗಿದೆ. ಗಾಲಿ ನನ್ನ ಬೆರಳು ಬಿಟ್ಟು ಹೋಯಿತು.

ಮೊದಲ ನಿಮಿಷ ಒದ್ದೆ ಕೆಮ್ಮಿನಂಥ ಸದ್ದು. ಆಮೇಲೆ ಒಣಗಿದ, ಸಮನಾದ ಉಸಿರು. ತೊಲೆ ತಲೆದೂಗುತ್ತಿತ್ತು, ಕೊಂಡಿಗಳು ತೆರೆದು ಮುಚ್ಚುತ್ತಿದ್ದವು, ರಾಡು ನೂಲಿನಂತೆ ನೇರ ಹೋಗಿ ಬರುತ್ತಿತ್ತು. ಮಗಳು ಮೊಬೈಲಿನ ಗಡಿಯಾರ ಹಿಡಿದು ಎಣಿಸಿದಳು, ನಿಮಿಷಕ್ಕೆ 68 ಸುತ್ತು. ಚಾಚಾ ಸ್ಟೂಲ್ ಎಳೆದುಕೊಂಡು ಗಾಲಿಯ ಎದುರೇ ಕೂತರು, ಬೇರೆ ಏನನ್ನೂ ನೋಡಲಿಲ್ಲ. ಹದಿನೆಂಟು ನಿಮಿಷ ಓಡಿತು. ಗಾಜಿನ ನಳಿಗೆಯಲ್ಲಿ ನೀರು ಕೆಳಗಿನ ನಟ್ಟಿನ ಹತ್ತಿರ ಬಂದಾಗ ಬರ್ನರ್ ಆರಿಸಿದೆ. ಸುತ್ತು ನಿಧಾನವಾಗಿ, ಕೊನೆಗೆ ತೊಲೆ ಒಂದು ಕಡೆ ವಾಲಿ ನಿಂತಿತು.

"ಗಾಲಿ ಬಿಚ್ಚಿ ಕೊಡ್ರಿ" ಅಂದರು ಚಾಚಾ. "ಓಡ್ತದೋ ಇಲ್ಲೋ ಅಂತ ಇಷ್ಟು ದಿನ ಬಿಳೀದೇ ಬಿಟ್ಟಿದ್ದೆ. ಸುತ್ತಿನ ಮ್ಯಾಲೆ ಬೆಳ್ಳಿ ತಂತಿ ಬಡೀತೀನಿ, ಬಳ್ಳಿ ಕೆಲಸ. ಆಮ್ಯಾಲೆ ಕಿಲ್ಲೆದ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡ್ತೀನಿ." ಕೋಟೆಯ ಆ ಮಣ್ಣು ಸತುವನ್ನು ಮಾತ್ರ ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಗಾಲಿ ಇನ್ನೂ ಬೆಚ್ಚಗಿತ್ತು. ಹೆಗಲ ಮೇಲಿನ ರುಮಾಲಿನಲ್ಲಿ ಸುತ್ತಿಕೊಂಡು ಒಯ್ದರು.

ಯುಗಾದಿಯೊಳಗೆ ಕೊಡುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಎಂಜಿನ್ ಗಾಲಿ ಇಲ್ಲದೆ ಮೇಜಿನ ಮೇಲಿದೆ. ನಾನು ಕಂಬಳಿ ತೆಗೆದು, ಸಿಲಿಂಡರಿನ ಸುತ್ತ ಕೂಡಿಸಲು ಸಾಗುವಾನಿಯ ಪಟ್ಟಿಗಳನ್ನು ಸೀಳುತ್ತಿದ್ದೇನೆ.