ಲಂಗರಿನ ಮಿಷನ್ನಿಗೂ ಒಂದು ಪಾಲಾ?

17 ಜುಲೈ 2025, ಗುರುವಾರ
ಗಂಗೊಳ್ಳಿ

ಡ್ರಿಲ್ ಬಿಟ್ಟಿನ ತುದಿಗೆ ಕಪ್ಪು ಕೆಸರಿನಂಥದ್ದು ಅಂಟಿಕೊಂಡು ಬಂತು. ಅಪ್ಪಯ್ಯ ಅದನ್ನು ಬೆರಳಲ್ಲಿ ಉಜ್ಜಿ ಮೂಗಿನ ಹತ್ತಿರ ಹಿಡಿದರು. ಏನೂ ಹೇಳಲಿಲ್ಲ. ಬೀಡಿ ಹಚ್ಚಲು ಆಚೆ ಹೋದರು. ಅಷ್ಟರಲ್ಲೇ ನನಗೆ ಗೊತ್ತಾಯಿತು, ಲಂಗರು ಎತ್ತುವ ಮಿಷನ್, ಅಂದರೆ ವಿಂಚ್, ಈ ವಾರ ಕೂರುವುದಿಲ್ಲ.

ಬೋಟಿನ ಮುಂದಿನ ಡೆಕ್ಕು ಹೊರಗಿನಿಂದ ನೋಡಿದರೆ ಗಟ್ಟಿ ಫೈಬರ್. ಎರಡು ಪದರದ ನಡುವೆ ಪ್ಲೈವುಡ್ ಇರುತ್ತದೆ. ಹಳೆಯ ಕೊಕ್ಕೆಯ ಸ್ಕ್ರೂ ತೂತಿನಿಂದ ಎಷ್ಟು ಮಳೆಗಾಲದ ನೀರು ಇಳಿದಿದೆಯೋ, ಪ್ಲೈ ಕೊಳೆತು ಹೋಗಿದೆ. ಇದರ ಮೇಲೆಯೇ ಬೋಲ್ಟ್ ಬಿಗಿದಿದ್ದರೆ ಮೊದಲ ದೊಡ್ಡ ಅಲೆಯ ಜಗ್ಗಿಗೆ ಡೆಕ್ಕಿನ ತುಂಡು ಸಮೇತ ಕಿತ್ತುಕೊಂಡು ಬರುತ್ತಿತ್ತು. ಫೈಬರ್ ಕೆಲಸದವನು ಬಂದು ಕೆಳಗಿನಿಂದ ಕೊಳೆತಷ್ಟು ಜಾಗ ಕೊರೆದು ತೆಗೆದ. ಇನ್ನು ಅದು ಒಣಗಬೇಕು. ಆಮೇಲೆ ಹೊಸ ಪ್ಲೈ, ಅದರ ಮೇಲೆ ಫೈಬರ್. ಬೋಲ್ಟಿನ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಅಂಟು ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ತೂತು ಹಾಕಬೇಕು. ಆಗ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ. ಅಡಿಯಲ್ಲಿ ಅಗಲವಾದ ಪ್ಲೇಟು. ಇಷ್ಟೆಲ್ಲ ಆಗಬೇಕಾದರೆ ಮೊದಲು ಒಣಗಬೇಕು. ಜುಲೈ ತಿಂಗಳಲ್ಲಿ ಗಂಗೊಳ್ಳಿಯಲ್ಲಿ ಏನು ಒಣಗುತ್ತದೆ ಹೇಳಿ? ಟಾರ್ಪಾಲ್ ಕಟ್ಟಿ ಒಳಗೆ ಹ್ಯಾಲೊಜನ್ ಬಲ್ಬು ಹಚ್ಚಿಟ್ಟು ಬಂದಿದ್ದೇವೆ. ಹಾಗಾದರೆ ನಿನ್ನ ಬಟ್ಟೆಯನ್ನೂ ಅಲ್ಲೇ ಹರವಿ ಬಾ ಅಂದರು ಅಮ್ಮ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ. ನಮ್ಮದು ಅಂದೇ ಇಳಿಯುವ ಲಕ್ಷಣ ಕಾಣುವುದಿಲ್ಲ.

ಇದೆಲ್ಲ ಇರಲಿ. ಇವತ್ತು ಬರೆಯಲು ಕೂತದ್ದು ಮಾವನ ಮಾತಿಗೆ.

ಫೈಬರಿನವನು ಹೋದ ಮೇಲೆ ಮಳೆ ಜೋರಾಯಿತು. ಟಾರ್ಪಾಲಿನ ಅಡಿಯಲ್ಲಿ ನಾನು, ಮಾವ ಇಬ್ಬರೇ. ವಿಂಚ್ ಗೊಬ್ಬರದ ಗೋಣಿಯ ಮೇಲೆ ಕೂತಿತ್ತು. ಮಾವ ಅದರ ಡ್ರಮ್ಮನ್ನು ಎಡಗೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಎಡಗೈಯಲ್ಲೇ, ಯಾಕೆಂದರೆ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಕೇಳಿದರೆ ನೋವಿಲ್ಲ ಅನ್ನುತ್ತಾರೆ. ಅಂಗಿ ಹಾಕಿಕೊಳ್ಳುವಾಗ ಮಾತ್ರ ನೋಡಬಾರದು. ನಾನು ಹುಟ್ಟುವ ಮೊದಲಿನಿಂದ ಬೋಟಿನ ಮುಂದೆ ನಿಂತು ಲಂಗರು ಎಳೆದದ್ದು ಅವರೇ.

"ಮಾಣಿ, ಇದ್ಕೆ ಎಷ್ಟ್ ಪಾಲ್?"

ನಾನು ರೇಟು ಕೇಳಿದರು ಅಂದುಕೊಂಡು ರೇಟು ಹೇಳಿದೆ.

"ರೇಟ್ ಅಲ್ದಾ. ಪಾಲ್. ಇಂಜಿನ್ ಬಂದಾಗ ಇಂಜಿನ್ನಿಗ್ ಹಿಡಿಲಿಲ್ಯಾ?"

ನಮ್ಮ ಬೋಟಿನ ಲೆಕ್ಕ ಗೊತ್ತಲ್ಲ. ಮೀನು ಮಾರಿದ ದುಡ್ಡಿನಲ್ಲಿ ಮೊದಲು ಮೇಲ್ಖರ್ಚು ಕಳೆಯುತ್ತಾರೆ. ಡೀಸೆಲ್, ಐಸು, ಅಕ್ಕಿ ಸಾಮಾನು. ಉಳಿದದ್ದರಲ್ಲಿ ಅರ್ಧ ಬೋಟಿಗೆ, ಬಲೆಗೆ. ಇನ್ನರ್ಧ ಜನಕ್ಕೆ. ಹಾಗಾಗಿ ಒಂದು ಸಾಮಾನು ಬೋಟಿಗೆ ಬಂತು ಅಂದರೆ ಅದರ ದುಡ್ಡು ಎಲ್ಲಿ ಬರೆಯುತ್ತಾರೆ ಅನ್ನುವುದೇ ದೊಡ್ಡ ಪ್ರಶ್ನೆ. ಬೋಟಿನ ಪಾಲಿನಲ್ಲಿ ಹಿಡಿದರೆ ಅದು ಅಪ್ಪಯ್ಯನ ಕಿಸೆಯಿಂದ ಹೋದ ಹಾಗೆ. ಮೇಲ್ಖರ್ಚಿಗೆ ಹಾಕಿದರೆ ಎಲ್ಲರ ಕಿಸೆಯಿಂದ. ಮಾವನದ್ದೂ ಸೇರಿ.

"ನನ್ ಭುಜ ಹೋಯ್ತ್ ಅಂದ್ಹೇಳಿ ಮಿಷನ್ ತಂದ್ರಿ. ಮಿಷನ್ನಿನ್ ದುಡ್ಡ್ ನಾನೂ ಕೊಡ್ಕಾ? ಅದೇ ಎಳೂದಾರೆ ನಾ ಎಂತಕೆ?"

ಸಿಟ್ಟಿನಿಂದ ಹೇಳಿದ್ದಲ್ಲ. ಹವೆ ವಿಚಾರಿಸುವ ದನಿಯಲ್ಲಿ ಹೇಳಿದರು. ಅದಕ್ಕೇ ನನಗೆ ಜಾಸ್ತಿ ಕಷ್ಟ ಆಯಿತು. ಅಪ್ಪಯ್ಯನ ಹತ್ತಿರ ಅವರು ಕೇಳುವುದಿಲ್ಲ. ಭಾವನ ಹತ್ತಿರ ದುಡ್ಡಿನ ಮಾತು ಎತ್ತಿದರೆ ಅಮ್ಮನಿಗೆ ಬೇಜಾರಾಗುತ್ತದೆ ಅಂತ. ಲೆಕ್ಕದ ಪುಸ್ತಕ ಬರೆಯುವವನು ನಾನು, ಹಾಗಾಗಿ ನನ್ನ ಹತ್ತಿರ.

ಸಮಾಧಾನ ಮಾಡಲು ಹೋಗಿ ಮಿಷನ್ ವಿಷಯ ಶುರು ಮಾಡಿದೆ. ಒಂದು ಬದಿಗೆ ಚೈನ್ ಕಚ್ಚುವ ಹಲ್ಲಿನ ಗಾಲಿ, ಇನ್ನೊಂದು ಬದಿಗೆ ನುಣುಪು ಡ್ರಮ್. ಗಾಲಿ ನಮಗೆ ಬೇಡ. 8 ಮಿಲಿಮೀಟರ್ ಚೈನು ಮೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ. ನೂರು ಮೀಟರ್ ಹಾಕಿದರೆ 140 ಕೆಜಿ, ಅಷ್ಟೂ ಮುಂದಿನ ತುದಿಯಲ್ಲಿ. ಬೋಟು ತಲೆ ತಗ್ಗಿಸಿಕೊಂಡೇ ಓಡಬೇಕು. ಅದೂ ಅಲ್ಲದೆ 8 ಮಿಲಿಮೀಟರ್ ಅಂತ ಮಾರುವ ಚೈನೆಲ್ಲ ಒಂದೇ ಅಲ್ಲ, ಕೊಂಡಿಯ ಉದ್ದ ಬೇರೆ ಬೇರೆ. ಗಾಲಿಗೆ ಸರಿ ಹೊಂದದಿದ್ದರೆ ಹಾರುತ್ತದೆ. ನಮ್ಮದು ಲಂಗರಿನ ಹತ್ತಿರ ಸ್ವಲ್ಪ ಚೈನು, ಉಳಿದದ್ದು ರೋಪು. ಡ್ರಮ್ಮಿಗೆ ರೋಪನ್ನು ಮೂರು ಸುತ್ತು ಹಾಕಿ, ಬಾಲವನ್ನು ಒಬ್ಬರು ಹಿಡಿದು ಎಳೆಯುತ್ತಿರಲೇಬೇಕು. ಬಿಟ್ಟರೆ ಡ್ರಮ್ ಸುಮ್ನೆ ತಿರುಗುತ್ತದೆ, ರೋಪು ಬರುವುದಿಲ್ಲ. ಆ ಒಬ್ಬರು ನೀವೇ ಅಂದೆ.

"ಅಷ್ಟೇಯಾ? ಅದ್ ಮಕ್ಳ್ ಮಾಡು ಕೆಲ್ಸ."

ಮಕ್ಕಳ ಕೆಲಸ ಅಲ್ಲ ಮಾವ, ಸುತ್ತಿನ ಮೇಲೆ ಸುತ್ತು ಹತ್ತಿದರೆ ರೋಪು ಬಿಡಿಸಲು ಬರುವುದಿಲ್ಲ, ಕೈಬೆರಳು ನಡುವೆ ಸಿಕ್ಕಿದರೆ ಮುಗಿಯಿತು ಅಂದೆ.

"ಈಗ ಹೆದ್ರಸ್ತ್ಯಾ?" ಅಂತ ನಕ್ಕರು. ನನಗೂ ನಗು ಬಂತು. ಒಂದು ಕಡೆ ನಿಮ್ಮ ಕೆಲಸ ಉಳಿಯುತ್ತದೆ ಅನ್ನುವುದು, ಇನ್ನೊಂದು ಕಡೆ ಬೆರಳು ಹೋಗುತ್ತದೆ ಅನ್ನುವುದು!

ಆಮೇಲೆ ಅವರೇ ಕೇಳಿದರು, ಲಂಗರು ಕಲ್ಲಿಗೆ ಸಿಕ್ಕಿದರೆ ಮಿಷನ್ ಏನು ಮಾಡುತ್ತದೆ? ಒಳ್ಳೆಯ ಪ್ರಶ್ನೆ. ಗಾಳ ಹಾಕಲು ನಾವು ನಿಲ್ಲುವುದೇ ಕಲ್ಲಿರುವ ಜಾಗದಲ್ಲಿ. ಆಗ ಮಿಷನ್ ಎಳೆಯಬಾರದು, ಮೋಟಾರು ಸುಡುತ್ತದೆ, ಇಲ್ಲವೇ ಗೇರು ಮುರಿಯುತ್ತದೆ. ರೋಪನ್ನು ಡೆಕ್ಕಿನ ಕಂಬಕ್ಕೆ ಸುತ್ತಿ ಬೋಟನ್ನೇ ಮುಂದೆ ಓಡಿಸಿ ಬಿಡಿಸಬೇಕು. ಲಂಗರು ಹಾಕಿ ನಿಂತಾಗಲೂ ಅಷ್ಟೇ, ಭಾರ ಕಂಬದ ಮೇಲೆ ಇರಬೇಕು. ಎತ್ತುವಾಗಲೂ ಬೋಟು ನಡೆಸುವ ತಾಂಡೇಲ ಇಂಜಿನ್ ನಿಧಾನ ಮುಂದೆ ಕೊಡಬೇಕು, ಮಿಷನ್ ಸಡಿಲಾದ ರೋಪನ್ನಷ್ಟೇ ಒಳಗೆ ತರಬೇಕು.

"ಮತ್ತೆ ಎಲ್ಲಾ ನಾವೇ ಮಾಡುದಲ್ದಾ" ಅಂದರು ಮಾವ. ಎದ್ದು ಹೋದರು. ಮಳೆ ನಿಂತಿರಲಿಲ್ಲ.

ಸಂಜೆ ಕುಂದಾಪುರಕ್ಕೆ ಹೋಗಿ ಕೇಬಲ್ ನೋಡಿ ಬಂದೆ. ಮೋಟಾರು 12 ವೋಲ್ಟಿನದು, 1000 ವಾಟ್. ಅಂದರೆ ಪೂರ್ತಿ ಭಾರದಲ್ಲಿ 80 ಆಂಪಿಯರಿಗೂ ಜಾಸ್ತಿ. ಬ್ಯಾಟರಿ ಹಿಂದೆ ಇಂಜಿನ್ ಹತ್ತಿರ, ಮಿಷನ್ ಮುಂದೆ. 9 ಮೀಟರ್ ಹೋಗಬೇಕು, 9 ಮೀಟರ್ ಬರಬೇಕು. ಅಂಗಡಿಯವರು 16ರದ್ದು ಸಾಕು ಅಂದರು. 16 ಚದರ ಮಿಲಿಮೀಟರಿನಲ್ಲಿ ದಾರಿಯಲ್ಲೇ ಒಂದೂವರೆ ವೋಲ್ಟು ಕಳೆದು ಹೋಗುತ್ತದೆ, 35ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. 35ರದ್ದೇ ಬೇಕು ಅಂದೆ. ರೇಟು ಕೇಳಿ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ತಾಮ್ರ ಅಲ್ವಾ.

ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಬ್ರೇಕರು ಬ್ಯಾಟರಿಯ ಪಕ್ಕದಲ್ಲೇ ಇರಬೇಕು ಅಂತ ಅಮ್ಮನಿಗೆ ಬೇರೆ ವಿವರಿಸಬೇಕಾಯಿತು. 2023ರ ದೀಪಾವಳಿ ಹೊತ್ತಿಗೆ ಇಲ್ಲಿ ಬೋಟುಗಳು ಸುಟ್ಟವಲ್ಲ, ಅವತ್ತಿನಿಂದ ಬೋಟಿನಲ್ಲಿ ಒಂದು ವೈರು ಜಾಸ್ತಿ ಅಂದರೂ ಅವರಿಗೆ ನಿದ್ದೆ ಬರುವುದಿಲ್ಲ. ಬ್ರೇಕರ್ ಬೇಡ ಅಂದವರನ್ನು ಅಮ್ಮನ ಹತ್ತಿರ ಮಾತಾಡಿಸಬೇಕು.

ಈಗ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೇನೆ. ವಿಂಚು, ಪ್ಲೈ, ಎಪಾಕ್ಸಿ, ಫೈಬರಿನವನ ಕೂಲಿ, ನಾಳೆ ತರುವ ಕೇಬಲ್ಲು. ನನ್ನ ಕೇಳಿದರೆ ಇದೆಲ್ಲ ಬೋಟಿನ ಪಾಲಿನಲ್ಲೇ ಹೋಗಬೇಕು. ಮಾವನ ಭುಜ ಸವೆದದ್ದು ಈ ಬೋಟಿನಲ್ಲೇ. ನನ್ನ ಡಿಪ್ಲೊಮಾ ಫೀಸು ಹೋದದ್ದೂ ಅದೇ ಬೋಟಿನ ಪಾಲಿನಿಂದ. ಆದರೆ ಅಪ್ಪಯ್ಯ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ, ಕಂತು ಸೆಪ್ಟೆಂಬರಿನಿಂದ ಶುರು. ಮೇಲ್ಖರ್ಚಿಗೆ ಹಾಕದಿದ್ದರೆ ಮೊದಲ ಎರಡು ಕಂತು ಹೇಗೆ ಕಟ್ಟುವುದೋ. ಊಟಕ್ಕೆ ಕೂತಾಗ ಕೇಳಿಬಿಡೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಅವರೇ "ಕೇಬಲ್ ರೇಟ್ ಎಷ್ಟಂದ?" ಅಂದರು. ಹೇಳಿದೆ. ಅನ್ನ ಕಲಸುತ್ತಿದ್ದ ಕೈ ನಿಂತಿತು. ಆಮೇಲೆ ಪಾಲಿನ ಮಾತು ಎತ್ತುವುದು ಹೇಗೆ? ನಾಳೆ ಮಾವ ಹೇಗೂ ಬರುತ್ತಾರೆ, ಅವರ ಎದುರಿಗೇ ಕೇಳಿದರೆ ಅಪ್ಪಯ್ಯ ಇಲ್ಲ ಅನ್ನಲಿಕ್ಕಿಲ್ಲ, ಆದರೆ ಹಾಗೆ ಕೇಳಿದರೆ ಮಾವನೇ ನನಗೆ ಹೇಳಿಕೊಟ್ಟರು ಅಂತ...