ಹುಡುಕುವ ಕ್ಯಾಮೆರಾ

ಬಸ್ಸಿನ ಕಿಟಕಿಯ ಬಳಿ ಇರುವ ವೆರೋನಿಕಾಳ ಮುಖದಿಂದ ಆ ಶಾಟ್ ಆರಂಭವಾಗುತ್ತದೆ. ಯುದ್ಧಕ್ಕೆ ಹೊರಟ ಪ್ರಿಯಕರ ಬೋರಿಸನನ್ನು ಬೀಳ್ಕೊಡಲು ಆಕೆ ಹೋಗಬೇಕು, ಬಸ್ಸು ಮುಂದೆ ಸಾಗುತ್ತಿಲ್ಲ. ಆಕೆ ಇಳಿಯುತ್ತಾಳೆ, ಬೆನ್ನಿಗೇ ಕ್ಯಾಮೆರಾ ಕೂಡ ಇಳಿಯುತ್ತದೆ. ಜನರ ನಡುವೆ ನುಸುಳುತ್ತ ಓಡುವ ಅವಳನ್ನು ತೀರ ಹತ್ತಿರದಿಂದ ಹಿಂಬಾಲಿಸುತ್ತದೆ. ಕೊನೆಗೆ, ಎಲ್ಲಿಯೂ ಕತ್ತರಿ ಬೀಳದೆ, ನೆಲ ಬಿಟ್ಟು ಮೇಲೇರಿ, ಸಾಲುಗಟ್ಟಿ ಸಾಗುವ ಟ್ಯಾಂಕುಗಳ ನಡುವೆ ರಸ್ತೆ ದಾಟುತ್ತಿರುವ ಒಂದು ಪುಟ್ಟ ಆಕೃತಿಯಾಗಿ ಅವಳನ್ನು ತೋರಿಸುತ್ತದೆ. ಒಬ್ಬಳ ಉಸಿರು ತಾಗುವಷ್ಟು ಸಮೀಪದಲ್ಲಿದ್ದ ನಾವು ಅದೇ ಶಾಟಿನಲ್ಲಿ ಇಡೀ ಯುದ್ಧದ ಗಾತ್ರವನ್ನು ಕಂಡುಬಿಡುತ್ತೇವೆ.

ಇದು ಮಿಖಾಯಿಲ್ ಕಲಾತೊಜೋವ್ ನಿರ್ದೇಶಿಸಿದ 1957ರ ಸೋವಿಯತ್ ಚಿತ್ರ 'ದಿ ಕ್ರೇನ್ಸ್ ಆರ್ ಫ್ಲೈಯಿಂಗ್' (ಕ್ರೌಂಚಗಳು ಹಾರುತ್ತಿವೆ). ವಿಕ್ತೋರ್ ರೋಜೋವ್ ಅವರ ನಾಟಕವನ್ನು ಆಧರಿಸಿದ ಈ ಕಪ್ಪು-ಬಿಳುಪು ಚಿತ್ರಕ್ಕೆ 1958ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ದೊರೆಯಿತು. ಛಾಯಾಗ್ರಾಹಕರು ಸೆರ್ಗೇಯ್ ಉರುಸೆವ್‌ಸ್ಕಿ. ವಿದ್ಯಾರ್ಥಿಯಾಗಿದ್ದಾಗ ಪುಣೆಯ ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್‌ನಲ್ಲಿ ಇದನ್ನು ಮೊದಲ ಬಾರಿ ನೋಡಿ ಹೊರಬಂದವನಿಗೆ ಕೋಥರೂಡಿನ ಬಸ್ಸು ಹಿಡಿಯುವ ಎಚ್ಚರವೇ ಉಳಿದಿರಲಿಲ್ಲ. ಅಂದು ಮನೆಯವರೆಗೂ ನಡೆದೇ ಹೋಗಿದ್ದೆ. ಕಳೆದ ತಿಂಗಳು ಅದನ್ನು ಮನೆಯಲ್ಲಿ ನನ್ನ ಸೋದರತ್ತೆಯವರೊಂದಿಗೆ ಮತ್ತೆ ನೋಡಿದೆ.

ಉರುಸೆವ್‌ಸ್ಕಿ ಎರಡನೆಯ ಮಹಾಯುದ್ಧದಲ್ಲಿ ರಣರಂಗದಲ್ಲಿಯೇ ಕ್ಯಾಮೆರಾ ಹಿಡಿದವರು. ನಡೆದಾಡುವಾಗಲೂ ಕ್ಯಾಮೆರಾ ಕುಲುಕದಂತೆ ಹಿಡಿದಿಡುವ ಸ್ಟೆಡಿಕ್ಯಾಮ್ ಎಂಬ ಸಾಧನ ಬಂದದ್ದು 1970ರ ದಶಕದಲ್ಲಿ. ಅದಕ್ಕೆ ಎಷ್ಟೋ ಮೊದಲು ಇವರು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದೇ ಬಸ್ಸಿನಿಂದ ಇಳಿದು, ಜನರೊಳಗೆ ನಡೆದು, ಅನಂತರ ಕ್ರೇನಿನ ಮೇಲೇರಿ ಈ ಶಾಟ್ ಪೂರೈಸಿದರು. ತಂತ್ರ ತಿಳಿದ ಮೇಲೂ ಅದರ ಬೆರಗು ಕಡಿಮೆಯಾಗದಿರುವುದಕ್ಕೆ ಕಾರಣ, ನನ್ನ ದೃಷ್ಟಿಯಲ್ಲಿ, ಒಂದೇ: ಕ್ಯಾಮೆರಾ ಇಲ್ಲಿ ಯುದ್ಧವನ್ನು ನೋಡಲು ಬಂದಿಲ್ಲ, ಒಬ್ಬ ಮನುಷ್ಯನನ್ನು ಹುಡುಕಲು ಬಂದಿದೆ. ಹುಡುಕುವವರ ಕಣ್ಣು ಹೇಗೆ ಒಂದು ಮುಖದ ಮೇಲೆ ನಿಂತು, ಇದಲ್ಲವೆಂದು ಮುಂದೆ ಸರಿಯುತ್ತದೆಯೋ ಹಾಗೆಯೇ ಅದು ಸರಿಯುತ್ತದೆ.

ಮುಂದೆ ಬರುವ ಬೀಳ್ಕೊಡುಗೆಯ ದೃಶ್ಯದಲ್ಲಿ ಅದು ಇನ್ನೂ ಸ್ಪಷ್ಟ. ಸೈನಿಕರು ಸೇರಿರುವ ಜಾಗದಲ್ಲಿ ಕಬ್ಬಿಣದ ಬೇಲಿಯ ಉದ್ದಕ್ಕೂ ಕ್ಯಾಮೆರಾ ಪಕ್ಕಕ್ಕೆ ಚಲಿಸುತ್ತದೆ. ಯಾರೋ ಅಳುತ್ತಾರೆ, ಯಾರೋ ನಗಿಸಲು ಯತ್ನಿಸುತ್ತಾರೆ, ಯಾರೋ ಕೊನೆಯ ಮಾತೊಂದನ್ನು ಕೂಗಿ ಹೇಳುತ್ತಾರೆ. ಪ್ರತಿಯೊಂದೂ ಒಂದೊಂದು ಸಂಸಾರದ ಕಥೆ, ಆದರೆ ಕ್ಷಣಕ್ಕಿಂತ ಹೆಚ್ಚು ಯಾವುದರಲ್ಲಿಯೂ ನಿಲ್ಲಲು ನಮಗೆ ಪುರುಸೊತ್ತಿಲ್ಲ. ಬೋರಿಸ್ ಕೂಡ ಅವಳನ್ನೇ ಹುಡುಕುತ್ತಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದಿಲ್ಲ. ಕೊನೆಗೆ ಸಾಲು ಹೊರಟಾಗ ವೆರೋನಿಕಾ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವನತ್ತ ಎಸೆಯುತ್ತಾಳೆ. ಅದು ನೆಲಕ್ಕೆ ಬಿದ್ದು ಒಡೆಯುತ್ತದೆ, ಹೆಜ್ಜೆ ಹಾಕುವ ಕಾಲುಗಳು ಅದನ್ನು ತುಳಿದು ಸಾಗುತ್ತವೆ.

ಇಲ್ಲಿ ಅತ್ಯಾ ನನ್ನ ಕೈಯಿಂದ ರಿಮೋಟು ತೆಗೆದುಕೊಂಡು ಚಿತ್ರ ನಿಲ್ಲಿಸಿದರು. 1971ರ ಯುದ್ಧದಲ್ಲಿ ಅವರ ಪತಿ, ನಮ್ಮ ಮಾಮಾ, ರಾಜಸ್ಥಾನದ ಗಡಿಗೆ ಹೊರಟಾಗ ಇವರು ಧಾರವಾಡದಿಂದ ಬಂದು ಪುಣೆ ಸ್ಟೇಷನ್ನಿನಲ್ಲಿ ನಿಂತಿದ್ದರೆಂಬುದು ನನಗೆ ಗೊತ್ತಿತ್ತು, ಆದರೆ ಅವರು ಪರಸ್ಪರ ಭೇಟಿಯಾಗಿರಲಿಲ್ಲವೆಂಬುದು ಗೊತ್ತಿರಲಿಲ್ಲ. "ನಾನೂ ಹಿಂಗ ಹುಡುಕಿದ್ದೆ ನೋಡಪಾ. ಎಲ್ಲಾರ ಮಾರಿ ಕಂಡ್ವು, ಅವರದೊಂದ ಕಾಣಲಿಲ್ಲ. ಚೂಡಾದ ಡಬ್ಬಿ ಹೊಳ್ಳಿ ಮನಿಗೇ ತಂದೆ," ಎಂದರು. ಮಾಮಾ ಯುದ್ಧ ಮುಗಿಸಿ ಮರಳಿ ಬಂದರು, ಮೂವತ್ತು ವರ್ಷ ಸಂಸಾರ ಮಾಡಿದರು. ಆದರೂ ಆ ಪ್ಲಾಟ್‌ಫಾರ್ಮಿನ ಅರ್ಧ ಗಂಟೆಯನ್ನು ಅತ್ಯಾ ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ರಣರಂಗವೆಂಬುದು ಈ ಚಿತ್ರದಲ್ಲಿ ಬರುವುದೇ ಅಪರೂಪ. ಬಂದಾಗಲೂ ಅದು ಕೆಸರು ತುಂಬಿದ ಕಾಡಿನ ಒಂದು ಅಂಚು ಮಾತ್ರ. ಗಾಯಗೊಂಡ ಸಂಗಡಿಗನನ್ನು ಹೊತ್ತು ತರುತ್ತಿದ್ದ ಬೋರಿಸನಿಗೆ ಗುಂಡು ತಗುಲುತ್ತದೆ. ಅವನು ತಲೆಯೆತ್ತಿ ನೋಡಿದಾಗ ಬರ್ಚ್ ಮರಗಳ ತುದಿಗಳು ಆಕಾಶದಲ್ಲಿ ಗಿರಗಿರನೆ ತಿರುಗತೊಡಗುತ್ತವೆ. ಆ ತಿರುಗುವಿಕೆಯ ಮೇಲೆ ಮತ್ತೊಂದು ಬಿಂಬ ಮೂಡುತ್ತದೆ: ಚಿತ್ರದ ಮೊದಲಲ್ಲಿ ವೆರೋನಿಕಾಳ ಹಿಂದೆ ಅವನು ಓಡಿ ಹತ್ತಿದ್ದ ಮೆಟ್ಟಿಲುಗಳು. ಅಂದು ಸಂತೋಷದಲ್ಲಿ ಸುತ್ತಿ ಸುತ್ತಿ ಮೇಲೇರಿದ್ದ ಕ್ಯಾಮೆರಾ ಈಗ ಸಾವಿನಲ್ಲಿ ಅದೇ ಸುತ್ತನ್ನು ನೆನೆಯುತ್ತದೆ. ಅದರೊಳಗೆ ಎಂದಿಗೂ ನಡೆಯದ ಮದುವೆಯೂ, ಬಿಳಿಯ ಉಡುಪಿನ ವಧುವೂ ಹಾದುಹೋಗುತ್ತಾರೆ. ಮಾತಿನಲ್ಲಿ ಹೇಳಿದ್ದರೆ ತೀರ ಭಾವುಕವಾಗುತ್ತಿದ್ದ ಸಂಗತಿಯಿದು. ಮೆಟ್ಟಿಲು ಮತ್ತು ಮರ ಎರಡನ್ನೂ ಒಂದೇ ಚಲನೆಯಲ್ಲಿ ಹೆಣೆದಿರುವುದರಿಂದ ಅದು ದೇಹಕ್ಕೇ ತಟ್ಟುತ್ತದೆ, ನೋಡುವವನ ತಲೆಯೂ ತಿರುಗುತ್ತದೆ.

ಉರುಸೆವ್‌ಸ್ಕಿಗೆ ಸ್ಥಿರವಾಗಿರುವುದೂ ಗೊತ್ತಿತ್ತು. ಬಾಂಬ್ ದಾಳಿಯ ನಂತರ ವೆರೋನಿಕಾ ಉರಿಯುತ್ತಿರುವ ಮೆಟ್ಟಿಲುಗಳನ್ನೇರಿ ತನ್ನ ಮನೆಯ ಬಾಗಿಲು ತೆರೆದಾಗ ಒಳಗೆ ಮನೆಯೇ ಇಲ್ಲ. ಬಾಗಿಲಿನಾಚೆ ಬರೀ ಬಯಲು. ಗಡಿಯಾರವೊಂದು ಮಾತ್ರ ಟಿಕ್ ಟಿಕ್ ಎನ್ನುತ್ತಿದೆ. ಅಲ್ಲಿಯವರೆಗೆ ಅವಳೊಂದಿಗೆ ಓಡಿದ್ದ ಚಿತ್ರ ಆ ಹೊಸ್ತಿಲಿನಲ್ಲಿ ಉಸಿರು ಹಿಡಿದು ನಿಲ್ಲುತ್ತದೆ. ಇದಕ್ಕೆ ಹೋಲಿಸಿದರೆ, ವೈಮಾನಿಕ ದಾಳಿಯ ನಡುವೆ ಬೋರಿಸನ ಸೋದರಸಂಬಂಧಿ ಮಾರ್ಕ್ ಪಿಯಾನೊ ನುಡಿಸುವ ದೃಶ್ಯದಲ್ಲಿ ಗಾಳಿ, ಮಿಂಚುವ ಬೆಳಕು, ಹಾರುವ ಪರದೆಗಳೆಲ್ಲವೂ ತುಸು ಅತಿಯಾದವೆಂದೇ ನನ್ನ ಅಭಿಪ್ರಾಯ.

ಅದೇ 1957ರಲ್ಲಿ ಮುಂಬೈಯಲ್ಲಿ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಗುರುದತ್ತರ 'ಪ್ಯಾಸಾ' ಚಿತ್ರದಲ್ಲಿ ಕಪ್ಪು-ಬಿಳುಪಿನ ಬೇರೆಯದೇ ಸಾಧ್ಯತೆಯನ್ನು ತೋರಿದ್ದರು. ಮೂರ್ತಿಯವರ ಕ್ಯಾಮೆರಾ ನೋವಿನ ಮುಖದತ್ತ ಮೆಲ್ಲನೆ ಸರಿದು, ಬೆಳಕಿಗೆ ಮಾತನಾಡಲು ಬಿಡುತ್ತದೆ. ಉರುಸೆವ್‌ಸ್ಕಿಯದು ನೋವಿನ ಜೊತೆಗೇ ಓಡುತ್ತದೆ. ಇಬ್ಬರನ್ನೂ ಒಂದೇ ವಾರದಲ್ಲಿ ನೋಡುವ ಅವಕಾಶವಿದ್ದವರು ದಯವಿಟ್ಟು ನೋಡಬೇಕು.

ಚಿತ್ರದ ಕೊನೆಯಲ್ಲಿ ಮತ್ತೆ ಜನಸಂದಣಿ. ಗೆದ್ದ ಸೈನಿಕರು ರೈಲಿನಲ್ಲಿ ಮರಳಿದ್ದಾರೆ. ಬಿಳಿಯ ಉಡುಪಿನ ವೆರೋನಿಕಾ ಕೈತುಂಬ ಹೂ ಹಿಡಿದು ಬೋರಿಸನಿಗಾಗಿ ಬಂದಿದ್ದಾಳೆ. ಅವನು ತೀರಿಹೋದದ್ದು ಖಚಿತವಾದ ಮೇಲೆ ಆಕೆ ಆ ಹೂಗಳನ್ನು ಎದುರು ಸಿಕ್ಕ ಅಪರಿಚಿತರಿಗೆ ಒಂದೊಂದಾಗಿ ಕೊಡುತ್ತ ನಡೆಯುತ್ತಾಳೆ. ಬೇಲಿಯ ಬಳಿ ಯಾವ ಮುಖದ ಮೇಲೂ ನಿಲ್ಲದೆ ಸರಿದಿದ್ದ ಕ್ಯಾಮೆರಾಕ್ಕೆ ಇಲ್ಲಿ ಪ್ರತಿ ಮುಖಕ್ಕೂ ಬಿಡುವಿದೆ. ತಲೆಯ ಮೇಲೆ ಕ್ರೌಂಚಗಳ ಸಾಲು ಹಾರಿಹೋಗುತ್ತದೆ.

ದೀಪ ಹಾಕಿದೆ. ಅತ್ಯಾ ಕನ್ನಡಕ ಒರೆಸಿಕೊಂಡು, "ಆ ಬಸ್ಸಿಂದ ಇಳಿಯೂದು ಇನ್ನೊಮ್ಮೆ ಹಚ್ಚು," ಎಂದರು. ದೀಪ ಆರಿಸಿ, ಅಲ್ಲಿಂದ ಮತ್ತೆ ನೋಡಿದೆವು.