ಜೇಡಗಳಿಗೂ ಪಾಲಿರುವ ನೆಲಮಾಳಿಗೆ

ಸ್ಪೇನಿನ ರಿಯೋಹಾ ಪ್ರಾಂತ್ಯದ ಈ ಊರನ್ನು ನಕ್ಷೆಯಲ್ಲಿ ‘ಹಾರೋ’ ಎಂದು ಓದುತ್ತೇವೆ, ಅಲ್ಲಿನವರ ಬಾಯಲ್ಲಿ ಅದು ‘ಆರೊ’. ಬಿಲ್ಬಾವೊದಿಂದ ರೈಲುಗಳು ಬೆರಳೆಣಿಕೆಯಷ್ಟೇ. ವಾಪಸು ಗಾಡಿಯ ಹೊತ್ತು ನೋಡಿಕೊಳ್ಳದೆ ಹೊರಟರೆ ಸಂಜೆ ನಿಲ್ದಾಣದ ಬೆಂಚೇ ಗತಿ. ಮಧ್ಯಾಹ್ನ ಅಂಗಡಿಗಳೂ ಕದ ಹಾಕಿಕೊಂಡಿರುತ್ತವೆ, ಹಸಿದುಕೊಂಡು ಇಳಿಯಬಾರದು.

ನೋಡಬೇಕಾದ ವೈನ್ ಮನೆ ಮಾತ್ರ ನಿಲ್ದಾಣದ ಮಗ್ಗುಲಲ್ಲೇ ಇದೆ. 1863ರಲ್ಲಿ ಇಲ್ಲಿಗೆ ರೈಲು ಬಂತು. ಅದೇ ಕಾಲಕ್ಕೆ ಫ್ರಾನ್ಸಿನ ತೋಟಗಳನ್ನು ಬೇರು ಹೀರುವ ಫಿಲಾಕ್ಸೆರಾ ಹೇನು ತಿಂದುಹಾಕತೊಡಗಿತು. ವೈನ್ ಹುಡುಕಿ ಬಂದ ಫ್ರೆಂಚ್ ವ್ಯಾಪಾರಿಗಳಿಗೆ ಪೀಪಾಯಿಗಳನ್ನು ನೇರ ವ್ಯಾಗನ್ನಿಗೆ ಏರಿಸುವ ಜಾಗ ಬೇಕಿತ್ತು. ರಫಾಯೆಲ್ ಲೋಪೆಸ್ ದೆ ಎರೆದಿಯಾ 1877ರಲ್ಲಿ ಶುರುಮಾಡಿದ ಈ ವೈನ್ ಮನೆ ಹಳಿಯ ಪಕ್ಕದಲ್ಲಿ ಬೆಳೆದದ್ದು ಹೀಗೆ. ಈಗ ನಡೆಸುತ್ತಿರುವುದು ಅದೇ ಕುಟುಂಬದ ನಾಲ್ಕನೇ ತಲೆಮಾರು. ಹೇನು ಮುಂದೆ ರಿಯೋಹಾಕ್ಕೂ ಬಂತು, ಅದನ್ನು ತಾಳಿಕೊಳ್ಳುವ ಅಮೆರಿಕದ ದ್ರಾಕ್ಷಿ ಬೇರಿಗೆ ಕಸಿ ಕಟ್ಟುವುದೊಂದೇ ದಾರಿಯಾಯಿತು. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರೂ ಅಮೆರಿಕ ಮೂಲದ ಡಾಗ್‌ರಿಜ್ ಬೇರಿಗೇ ಕಸಿ ಕಟ್ಟುತ್ತಾರೆ, ಆದರೆ ಅದು ಬರಕ್ಕೂ ಉಪ್ಪುನೀರಿಗೂ ಹೆದರಿ.

ಬಾಗಿಲಲ್ಲೇ ವಾಸ್ತುಶಿಲ್ಪಿ ಜಹಾ ಹದೀದ್ ಕಟ್ಟಿದ ಲೋಹದ ಮಂಟಪ. ಫೋಟೊಗೆ ಚೆನ್ನ. ಅದರ ಹೊಟ್ಟೆಯಲ್ಲಿರುವ ಹಳೆಯ ಮರದ ಮಳಿಗೆ, 1910ರ ಬ್ರಸೆಲ್ಸ್ ಪ್ರದರ್ಶನಕ್ಕೆಂದು ಮಾಡಿಸಿದ್ದು, ಇನ್ನೂ ಚೆನ್ನ.

ಹೊತ್ತು ಕಳೆಯಬೇಕಾದದ್ದು ಪೀಪಾಯಿ ಕಟ್ಟುವ ಬಡಗಿಗಳ ಕೊಟ್ಟಿಗೆಯಲ್ಲಿ. ಈ ಕೆಲಸಕ್ಕೆ ಸ್ವಂತ ಬಡಗಿಗಳನ್ನು ಇಟ್ಟುಕೊಂಡ ಮನೆಗಳು ಈಗ ಅಪರೂಪ. ಅಮೆರಿಕದ ಓಕ್ ಹಲಗೆಗಳನ್ನು ಮೊದಲು ಬಯಲಲ್ಲಿ ಪೇರಿಸಿ ಬಿಸಿಲು ಮಳೆಗೆ ಬಿಡುತ್ತಾರೆ, ಮರದ ಒಗರು ಇಳಿಯಬೇಕು. ಆಮೇಲೆ ನಡು ಅಗಲ, ತುದಿ ಕಿರಿದಾಗುವಂತೆ ಕೆತ್ತಿ, ಕಬ್ಬಿಣದ ಬಳೆಯೊಳಗೆ ನಿಲ್ಲಿಸಿ, ಒಳಗೆ ಬೆಂಕಿ ಹಾಕಿ, ಹೊರಗೆ ನೀರು ಸವರುತ್ತ ಬಗ್ಗಿಸುತ್ತಾರೆ. ಅವಸರ ಮಾಡಿದರೆ ಹಲಗೆ ಸೀಳುತ್ತದೆ. ಮೈಗೆ ಮೊಳೆಯಿಲ್ಲ, ಅಂಟಿಲ್ಲ. ಬಳೆಯ ಬಿಗಿ ಮತ್ತು ಮರದ ಉಬ್ಬು ಎರಡೇ ಆಧಾರ. ಒಣಗಲು ಬಿಟ್ಟ ಪೀಪಾಯಿ ಸಂದುಬಿಟ್ಟು ಸೋರುವುದು ಅದಕ್ಕೇ.

ಒಂದೊಂದಕ್ಕೆ ಸುಮಾರು 225 ಲೀಟರ್ ಹಿಡಿಯುತ್ತದೆ. ಹೊಸ ಓಕ್ ವೈನಿಗೆ ವೆನಿಲಾ, ಕೊಬ್ಬರಿಯ ವಾಸನೆ ಹತ್ತಿಸುತ್ತದೆ. ಇವರಿಗೆ ಅದು ಬೇಡ. ಹಲಗೆ ಕೆಟ್ಟರೆ ಹಲಗೆಯನ್ನಷ್ಟೇ ಬದಲಿಸಿ ಹಳೆಯದನ್ನೇ ದಶಕಗಟ್ಟಲೆ ದುಡಿಸುತ್ತಾರೆ. ಮರ ರುಚಿ ಕೊಡುವುದನ್ನು ನಿಲ್ಲಿಸಿ ಗಾಳಿಯನ್ನು ಮಾತ್ರ ತುಸುತುಸುವೇ ಒಳಬಿಡಬೇಕು. ರಿಯೋಹಾ ನಿಯಮದಂತೆ ‘ರೆಸೆರ್ವಾ’ ದರ್ಜೆಯ ಕೆಂಪು ವೈನು ಪೀಪಾಯಿಯಲ್ಲಿ ಒಂದು ವರ್ಷ ಕಳೆದರೆ ಸಾಕು. ಇವರ ‘ವಿನ್ಯಾ ತೊಂದೋನಿಯಾ ರೆಸೆರ್ವಾ’ ಕಳೆಯುವುದು ಆರು ವರ್ಷ. ಅಷ್ಟು ಕಾಲ ಹೊಸ ಮರದಲ್ಲಿಟ್ಟಿದ್ದರೆ ಮರವೇ ಕುಡಿದಂತಾಗುತ್ತಿತ್ತು.

ವರ್ಷಕ್ಕೆ ಎರಡು ಸಲ ತಿಳಿಯನ್ನು ಬೇರೆ ಪೀಪಾಯಿಗೆ ಬಸಿದು ಗಸಿ ಬಿಡುತ್ತಾರೆ. ದಪ್ಪ ಗಸಿಯ ಮೇಲೆ ಬಹಳ ಕಾಲ ಬಿಟ್ಟರೆ ಕೊಳೆತ ಮೊಟ್ಟೆಯ ನಾತ ಹಿಡಿಯಬಹುದು. ತಮಾಷೆಯೆಂದರೆ ಕೊನೆಗೆ ತಿಳಿಯಾಗಿಸುವುದೂ ಮೊಟ್ಟೆಯೇ: ತಾಜಾ ಬಿಳಿಯನ್ನು ಕಡೆದು ಹಾಕಿದರೆ ಒಗರನ್ನು ಹಿಡಿದುಕೊಂಡು ತಳ ಸೇರುತ್ತದೆ.

ತೊಂದೋನಿಯಾ ಎಂಬುದು ತೋಟದ ಹೆಸರು. ಎಬ್ರೊ ನದಿಯ ತಿರುವಿನಲ್ಲಿ 1913-14ರಲ್ಲಿ ಎಬ್ಬಿಸಿದ ನೂರು ಹೆಕ್ಟೇರಿಗೂ ಮಿಕ್ಕ ತೋಟ. ಕೆಂಪಿಗೆ ಮುಖ್ಯವಾಗಿ ತೆಂಪ್ರಾನಿಯೊ ಎಂಬ ದ್ರಾಕ್ಷಿ. ಇವರ ಇನ್ನೊಂದು ವೈನ್ ‘ಬೊಸ್ಕೋನಿಯಾ’ದ್ದು ಬೇರೆ ಕತೆ. ಮೊದಲು ಅದನ್ನು ಫ್ರಾನ್ಸಿನ ವೈನ್ ಸೀಮೆ ಬರ್ಗಂಡಿಯ ಹೆಸರಲ್ಲಿ ಮಾರುತ್ತಿದ್ದರು. ಬಾಟಲಿ ಇವತ್ತಿಗೂ ಬರ್ಗಂಡಿಯ ಇಳಿಭುಜದ್ದೇ.

ಕೆಳಗೆ, ಕಲ್ಲು ಕೊರೆದ ಸುರಂಗಗಳಲ್ಲಿ, ಬಲೆ ಕಂಬಳಿಯಂತೆ ಜೋತಿದೆ. ಕಸಬರಿಗೆ ನೆನಪಾಗದ ಕನ್ನಡಿಗರಿಲ್ಲ. ಆದರೆ ಇಲ್ಲಿ ಜೇಡವನ್ನು ಯಾರೂ ಮುಟ್ಟುವುದಿಲ್ಲ. ಬಿರಡೆಯಲ್ಲಿ ಮೊಟ್ಟೆಯಿಡುವ ಪತಂಗವೊಂದಿದೆ. ಅದರ ಹುಳು ಬಿರಡೆ ಕೊರೆದರೆ ವೈನ್ ಸೋರುತ್ತದೆ, ಗಾಳಿ ನುಗ್ಗುತ್ತದೆ. ಪತಂಗವನ್ನು ತಿನ್ನುವುದು ಜೇಡ. ಗೋಡೆಯ ಬೂಷ್ಟನ್ನೂ ಹಾಗೇ ಬಿಟ್ಟಿದ್ದಾರೆ.

ಹಳೆಯ ಬಾಟಲಿ ಕೊಂಡವರು ಗಮನಿಸಿ: ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳ ಸೇರಲಿ. ತಿರುಪಿನ ಓಪನರ್ ಹಾಕಿದರೆ ಬಿರಡೆ ಪುಡಿಯಾದೀತು. ಎರಡು ತಗಡು ಕಾಲುಗಳನ್ನು ಬಿರಡೆಯ ಪಕ್ಕಕ್ಕೆ ಇಳಿಸಿ ಎಳೆಯುವ ಸಾಧನ ಬೇಕು. ಬಿಳಿ ತೊಂದೋನಿಯಾವನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯಬೇಡಿ, 14 ಡಿಗ್ರಿಯವರೆಗೆ ಕಾಯಿರಿ. ತೀರ ತಣ್ಣಗಿದ್ದರೆ ಪರಿಮಳವೆಲ್ಲ ಮುದುಡಿಕೊಂಡು ಬರೀ ಹುಳಿ ನೀರು.